ಐದು ಸಾಲಿನ ಕೆಳಗಿನ ಪಟ್ಟಿ

"ಈ ಐದು ಸಾಲು ಯಾರು ಬರೆದಿದ್ದು?"

ಅವಳು ತಲೆಯೆತ್ತಿದಳು. ಕಿವಿಯಂತ್ರದ ಪುಟ್ಟ ಬೋರ್ಡನ್ನು ಅಂಗೈಯಲ್ಲಿಟ್ಟುಕೊಂಡು ಅವನು ನಿಂತಿದ್ದ. ಸಿ ಭಾಷೆಯ ಪ್ರೋಗ್ರಾಂ ನೋಡಿಕೊಳ್ಳಲು ಅಂದೇ ಕೆಲಸಕ್ಕೆ ಸೇರಿದವನು.

"ನಾನು. ಏನೀಗ?"

"ಏನಿಲ್ಲ... ಓದ್ತಾ ಇದ್ರೆ ಒಂದು ಲಯ ಸಿಗುತ್ತೆ."

ಅವಳ ಸಿಟ್ಟು ಎಲ್ಲಿ ಹೋಯಿತೋ!

ಸಿ ಪ್ರೋಗ್ರಾಮಿನ ನಡುವೆ ಅವಳು ಸೇರಿಸಿದ್ದು ಐದೇ ಅಸೆಂಬ್ಲಿ ಸಾಲು, ಕಿವಿಯಂತ್ರದ ಚಿಪ್‌ಗೆ ಅದರದೇ ಭಾಷೆಯಲ್ಲಿ ಕೊಟ್ಟ ಆಜ್ಞೆಗಳು. ಅವಿಲ್ಲದಿದ್ದರೆ ಆ ಸಣ್ಣ ಚಿಪ್ ಹಿಂದೆ ಬಿದ್ದು ಮಾತು ತುಂಡುತುಂಡಾಗುತ್ತಿತ್ತು. ಅವಿದ್ದರೆ ಮಾತು ಸ್ಪಷ್ಟ. ಆದರೆ ಆಗಾಗ ದನಿ ತಾನಾಗಿಯೇ ಇಳಿದುಹೋಗುತ್ತಿತ್ತು. ಪರೀಕ್ಷೆಗೆಂದು ಅದನ್ನು ಹಾಕಿಕೊಂಡಿದ್ದ ಅವಳ ಅಜ್ಜಿ, ಮನೆಯವರೆಲ್ಲ ತನ್ನ ಮುಂದೆಯೇ ಗುಸುಗುಸು ಮಾಡುತ್ತಾರೆಂದು ಮುನಿಸಿಕೊಂಡಿದ್ದರು. ಎರಡು ವಾರದಾಚೆಯ ಶುಕ್ರವಾರದೊಳಗೆ ಸರಿಹೋಗದಿದ್ದರೆ ಆ ಸಾಲುಗಳನ್ನೇ ಕಿತ್ತುಹಾಕುವುದಾಗಿ ಮೇಲಧಿಕಾರಿ ಹೇಳಿಬಿಟ್ಟಿದ್ದರು.

ಎರಡು ವಾರ ಇಬ್ಬರೂ ಒಂದೇ ಬೋರ್ಡಿನ ಮೇಲೆ ಬಗ್ಗಿ ಕೂತರು. ಚಹಾ ಆರಿದ್ದು ಇಬ್ಬರಿಗೂ ತಿಳಿಯುತ್ತಿರಲಿಲ್ಲ.

ಕೊನೆಯ ಗುರುವಾರ ಬೆಳಿಗ್ಗೆ ಅವಳು ಫೈಲ್ ತೆರೆದಳು. ಅವಳ ಸಾಲುಗಳ ಕೆಳಗೆ, ಅವು ಯಾವುದನ್ನು ಓದುತ್ತವೆ, ಯಾವುದನ್ನು ಬದಲಾಯಿಸುತ್ತವೆ ಎಂದು ತಿಳಿಸುವ ಪಟ್ಟಿಯನ್ನು ಅವನು ತಿದ್ದಿದ್ದ. ಒಂದು ಮಾತೂ ಹೇಳದೆ!

'ನನ್ನನ್ನು ದಡ್ಡಿ ಅಂದುಕೊಂಡನೇ?'

ದಿನವಿಡೀ ಅವನತ್ತ ತಿರುಗಿಯೂ ನೋಡಲಿಲ್ಲ. ಆದರೂ ಕುತೂಹಲ ಬಿಡಬೇಕಲ್ಲ... ಸೇರಿಸಿದ್ದು ಒಂದೇ ಒಂದು ಪ್ಲಸ್ ಗುರುತು. ಹಾಕಿ ನೋಡಿದರೆ ದನಿ ಇಳಿಯುತ್ತಲೇ ಇಲ್ಲ, ಅದು ಹೇಗೆ?

ಸಂಜೆಯ ಹೊತ್ತಿಗೆ ತಿಳಿಯಿತು. ದನಿಯ ಮಟ್ಟವನ್ನಿಟ್ಟ ಸಿ ವೇರಿಯಬಲ್ಲನ್ನು ಬರೀ ಓದುತ್ತೇನೆಂದು ಅವಳು ಪಟ್ಟಿಯಲ್ಲಿ ಬರೆದಿದ್ದಳು. ಆದರೆ ಸಾಲುಗಳಲ್ಲಿ ಅದನ್ನು ಅರ್ಧ ಮಾಡುತ್ತಿದ್ದಳು. ಸಿ ಪ್ರೋಗ್ರಾಮನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್ ಈ ಸಾಲುಗಳ ಅರ್ಥ ನೋಡುವುದಿಲ್ಲ, ಪಟ್ಟಿಯನ್ನಷ್ಟೇ ನಂಬುತ್ತದೆ. ಅರ್ಧವಾದದ್ದನ್ನೇ ಹಳೆಯ ಬೆಲೆಯೆಂದುಕೊಂಡು ಮುಂದೆ ಬಳಸುತ್ತಿತ್ತು, ಪಾಪ; ಆಗ ದನಿ ಇಳಿಯುತ್ತಿತ್ತು. ಓದಿ ಬದಲಾಯಿಸುತ್ತೇನೆಂದು ಹೇಳುವುದೇ ಆ ಪ್ಲಸ್ ಗುರುತಿನ ಕೆಲಸ.

ಶುಕ್ರವಾರ ಬೆಳಿಗ್ಗೆ ಪರೀಕ್ಷೆಗೆ ಅವನು ಅವಳ ಮನೆಗೇ ಬಂದ. ದೂರದಿಂದ ಮಾತು ಕೇಳಿಸುತ್ತದೆಯೇ ನೋಡಲೆಂದು ಅಜ್ಜಿ ಯಂತ್ರ ಹಾಕಿಕೊಂಡು ಒಳಕೋಣೆಗೆ ಹೋದರು.

"ತಪ್ಪು ನಂದೇ," ಎಂದಳು. "ಬದಲಾಯಿಸಿದ್ದನ್ನ ಕಂಪೈಲರ್‌ಗೆ ಹೇಳಿರ್ಲಿಲ್ಲ. ಆದ್ರೆ ನೀವೂ ನನ್ನ ಫೈಲ್ ಬದಲಾಯಿಸಿ ನಂಗೆ ಹೇಳ್ಲಿಲ್ಲವಲ್ಲ?"

ಅವನು ತಲೆ ತಗ್ಗಿಸಿದ. ಮೇಲಧಿಕಾರಿಯ ಮುಂದೆ ಅವಳಿಗೆ ಅವಮಾನವಾಗಬಾರದೆಂದು ಸುಮ್ಮನಿದ್ದೆ, ಹಾಗೆ ಮಾಡಬಾರದಿತ್ತು ಎಂದ.

"ಇನ್ನೇನಾದ್ರೂ ಹೇಳ್ದೆ ಇಟ್ಕೊಂಡಿದ್ದೀರಾ?"

ಅವನು ಒಳಕೋಣೆಯತ್ತ ಒಮ್ಮೆ ನೋಡಿದ. ಆಮೇಲೆ ತುಟಿ ಅಲುಗಿತೋ ಇಲ್ಲವೋ ಎಂಬಂತೆ...

"ಒಂದಿದೆ. ನೀವಂದ್ರೆ ನಂಗೆ ತುಂಬಾ ಇಷ್ಟ. ಬಂದ ದಿನದಿಂದ."

ಒಳಕೋಣೆಯಿಂದ ಅಜ್ಜಿಯ ದನಿ ಬಂತು: "ಈಗ ಒಂದಕ್ಷರಾನೂ ತಪ್ಪಲಿಲ್ಲ ಕಣಪ್ಪಾ."

ಅವನ ಮುಖ ಕೆಂಪಾಯಿತು. ಅವಳು ನಗು ತಡೆದುಕೊಂಡು ಹತ್ತಿರ ಬಂದಳು.

"ಅಜ್ಜಿಗೆ ಕೇಳಿಸ್ತಂತೆ. ನಂಗೆ ಇನ್ನೊಂದ್ಸಲ ಹೇಳಿ."

ಅವನು ಹೇಳಿದ.