ಶ್ರೀಗಂಧದ ಕಾವಲಿನ ನೀಲಿ ನೀರು

ಬುಧವಾರ ಬೆಳಿಗ್ಗೆ ಕಾಂತರಾಜು ನಲ್ಲಿ ತಿರುಗಿಸಿದ. ಬಂದದ್ದು ನೀಲಿ ನೀರು. ಜೊತೆಗೆ ಕಕ್ಕಸಿನ ನಾತ.

ನೀರು ನಮ್ಮಪ್ಪ ತೋಡಿಸಿದ ಬಾವಿಯದು. ನಮ್ಮ ಬಡಾವಣೆ ಶ್ರೀಗಂಧದ ಕಾವಲು ಇನ್ನೂ ಹೊಲವಾಗಿದ್ದ ಕಾಲದಿಂದ ಅದು ಒಮ್ಮೆಯೂ ಕೆಟ್ಟಿದ್ದಿಲ್ಲ. ಕಾಂತರಾಜು ನಮ್ಮಣ್ಣನ ಮಗ. ಬಾವಿ ಈಗ ಅವನ ಪಾಲಿನದು.

ಅವನು ನೇರ ಎದುರಿನ ಸೈಟಿಗೆ ನಡೆದ. ಅಪಾರ್ಟ್‌ಮೆಂಟು ಏಳುತ್ತಿರುವ ಆ ಸೈಟಿನಲ್ಲಿ ಕೂಲಿಯವರಿಗೆಂದು ನಾಲ್ಕು ಪ್ಲಾಸ್ಟಿಕ್ ಕಕ್ಕಸು ನಿಲ್ಲಿಸಿದ್ದಾರೆ. ಅವುಗಳ ತಳದ ತೊಟ್ಟಿಗೆ ಹಾಕುವ ಔಷಧಿಯೂ ನೀಲಿ. ತೊಳೆಯುವವಳು ಯಾದಗಿರಿ ಕಡೆಯ ಹನುಮವ್ವ. ಅವಳ ಶೆಡ್ಡು ಕಾಂತರಾಜುವಿನ ಜಾಗದಲ್ಲೇ, ಬಾವಿಗೆ ಹತ್ತು ಹೆಜ್ಜೆ. ಬಾವಿಗೆ ಕೊಳೆ ಸುರಿದವಳು ನೀನೇ, ಸಂಜೆಯೊಳಗೆ ಶೆಡ್ಡು ಖಾಲಿ ಮಾಡು ಎಂದು ಅವಳಿಗೆ ಹೇಳಿಬಂದ. ಶೆಡ್ಡು ಹೋದರೆ ಕೆಲಸವೂ ಹೋಗುತ್ತದೆ, ಮಗಳ ಶಾಲೆಯೂ.

ಸುದ್ದಿ ಕೇಳಿ ನನ್ನಕ್ಕ ಮುನಿತಾಯಮ್ಮ ಚಪ್ಪಲಿ ಮೆಟ್ಟಿದಳು. ನಾನೂ ಹಿಂದೆ ಹೋದೆ.

ಹನುಮವ್ವ ಪಾತ್ರೆ ಗಂಟು ಕಟ್ಟುತ್ತಿದ್ದಳು.

“ತೊಳೆದ ನೀರು ಎಲ್ಲಿ ಸುರೀತೀಯವ್ವ?” — ಅಕ್ಕ ಕೇಳಿದಳು.

“ಆ ಕಕ್ಕಸಿನ ತೊಟ್ಟಿಗೇ ಹಾಕ್ತೀನ್ರೀ ಯವ್ವ. ಮಂಗಳವಾರಕ್ಕೊಮ್ಮಿ ಟ್ಯಾಂಕರ್ ಬಂದು ಎಳಕೊಂಡು ಹೋಗತೈತ್ರಿ.”

“ನಿನ್ನೆ ಬಂದಿತ್ತಾ?”

“ಬಂದಿತ್ರಿ. ವೆಂಕಟಗಿರಿ ಅಂತ ಡ್ರೈವರ್.”

ಅಕ್ಕ ಬಾವಿಯ ಬಳಿ ಹೋಗಿ ಬಗ್ಗಿ ನೋಡಿದಳು. ಬಾಯಿಗೆ ಕಬ್ಬಿಣದ ಜಾಲರಿ, ನೀರೆತ್ತುವುದು ಮೋಟಾರು. ಆಮೇಲೆ ಪಕ್ಕದ ಇಂಗುಗುಂಡಿಗೆ ಬಂದಳು — ಮಳೆನೀರು ಬಾವಿಗಿಳಿಯಲೆಂದು ರಸ್ತೆಯಂಚಿನಲ್ಲಿ ತೋಡಿದ್ದು, ಮೇಲೆ ದುಂಡನೆಯ ಕಾಂಕ್ರೀಟ್ ಮುಚ್ಚಳ. ಗಂಗಮ್ಮ ಇಳಿಯುವ ಬಾಯಿ ಎಂದು ಪ್ರತಿ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಇಡುವವಳು ಅವಳೇ. ಮುಚ್ಚಳದ ಅಂಚಿನ ಕುಂಕುಮದ ಬೊಟ್ಟು ರಸ್ತೆ ಕಡೆಗಿತ್ತು. ನನಗೆ ಅದರಲ್ಲೇನೂ ಕಾಣಲಿಲ್ಲ.

ಬಾವಿ ತೊಳೆಯಬೇಕೆಂದಷ್ಟೇ ಹೇಳಿ ಟ್ಯಾಂಕರಿನವನನ್ನು ಕರೆಸು ಎಂದಳು ಕಾಂತರಾಜುವಿಗೆ.

ಹನ್ನೊಂದಕ್ಕೆ ವೆಂಕಟಗಿರಿ ಬಂದ. ನಿನ್ನೆಯ ಲೋಡು ಎಲ್ಲಿ ಹಾಕಿದೆ ಎಂದು ಅಕ್ಕ ಕೇಳಿದರೆ, ಕೆಂಗೇರಿ ಕಡೆಯ ಶುದ್ಧೀಕರಣ ಘಟಕಕ್ಕೆ ಎಂದ.

“ಅತ್ತೆ, ಅವನನ್ಯಾಕೆ ಕೇಳ್ತೀರ? ಬಕೆಟ್ ಹಿಡ್ಕೊಂಡು ಓಡಾಡೋಳು ಅವಳು,” ಎಂದ ಕಾಂತರಾಜು.

“ಲೋ ಕಾಂತ, ಜಾಲರಿ ನೋಡ್ದಾ? ಜೇಡರ ಬಲೆ ಹಂಗೇ ಐತೆ. ಮೇಲಿಂದ ಸುರಿದಿದ್ರೆ ಉಳೀತಿತ್ತಾ? ಕೊಳಕು ಬಂದಿರೋದು ಇಂಗುಗುಂಡಿಯಿಂದ. ನಾನು ಬೊಟ್ಟಿಡೋದು ಯಾವತ್ತೂ ಮೂಡಲಿಗೆ. ಇವತ್ತು ನೋಡು, ರಸ್ತೆ ಕಡೆ, ಪಡುವಲಿಗೆ ತಿರುಗೈತೆ. ಬೊಟ್ಟು ತಾನಾಗೇ ನಡೀತದಾ? ಯಾರೋ ಮುಚ್ಚಳ ಎತ್ತಿ ಮತ್ತೆ ಮುಚ್ಚವ್ರೆ. ಎತ್ತಕ್ಕೆ ಕೊಕ್ಕೆ ಸರಳು ಬೇಕು. ಹನುಮವ್ವನ ಹತ್ರ ಇರೋದು ಪೊರಕೆ.”

ಎಲ್ಲರೂ ಟ್ಯಾಂಕರಿನ ಪಕ್ಕ ನೋಡಿದೆವು. ಎರಡು ಕೊಕ್ಕೆ ಸರಳು ನೇತಾಡುತ್ತಿದ್ದವು.

ವೆಂಕಟಗಿರಿ ತಲೆ ತಗ್ಗಿಸಿದ. “ಚರಂಡಿ ಚೇಂಬರ್ ಅನ್ಕೊಂಡೆ ಅಮ್ಮಾ. ಎರಡರ ಮುಚ್ಚಳಾನೂ ಒಂದೇ ಥರ ಇರ್ತವೆ. ಆ ಟ್ರಾಫಿಕ್ಕಲ್ಲಿ ಕೆಂಗೇರಿವರೆಗೆ ಯಾರು ಹೋಗ್ತಾರೆ ಅಂತ…”

“ಚೇಂಬರಿಗೆ ಅರಿಶಿನ ಕುಂಕುಮ ಯಾರು ಇಡ್ತಾರಪ್ಪ?” ಎಂದಳು ಅಕ್ಕ.

ಬಾವಿ, ಗುಂಡಿ ಎರಡನ್ನೂ ವೆಂಕಟಗಿರಿಯೇ ಬಳಿದು, ಕೊಳೆಯನ್ನೆಲ್ಲ ಟ್ಯಾಂಕರಿಗೆ ಎಳೆದ. ಈ ಸಲ ಕಾಂತರಾಜು ಪಕ್ಕದ ಸೀಟಿನಲ್ಲಿ ಕೂತು ಕೆಂಗೇರಿಯವರೆಗೂ ಹೋದ. ಹೊರಡುವ ಮುನ್ನ ಶೆಡ್ಡಿನ ಬಾಗಿಲಲ್ಲಿ ನಿಂತು, “ಗಂಟು ಬಿಚ್ಚವ್ವ, ನಂದು ತಪ್ಪಾಯ್ತು” ಎಂದ.

ಹನುಮವ್ವ ಗಂಟಿನಿಂದ ಮೊದಲು ತೆಗೆದದ್ದು ರೊಟ್ಟಿ ಹಂಚು. ಅವಳು ಸುಟ್ಟ ರೊಟ್ಟಿಯನ್ನು ಅಕ್ಕನೂ ನಾನೂ ಅಲ್ಲೇ ಉಂಡೆವು. ನೀರು ಮಾತ್ರ ಅಕ್ಕನ ಮನೆಯಿಂದ ತಂದದ್ದು.