ಗೆಳತಿಯ ಪರವಾಗಿ ಒಂದು ಪ್ರಶ್ನೆ

ಬಾಗಿಲು ತಳ್ಳಿ ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು.

ಕೊನೆಯ ಸಾಲಿನಲ್ಲಿ ಅವನು ಕೂತಿದ್ದ! ಅದೇ ನೀಲಿ ಕೆಲಸದ ಅಂಗಿ, ಉಗುರಿನ ಸಂದಿಯಲ್ಲಿ ಅದೇ ಗ್ರೀಸು. ಲಿಫ್ಟ್ ರಿಪೇರಿ ಮಾಡುವ ಈ ಮಹಾಶಯ ಮೂರು ತಿಂಗಳ ಹಿಂದಿನವರೆಗೂ ಅವಳ ಜೊತೆ ಒಂದೇ ಸೂರಿನಡಿ ಇದ್ದ ಗಂಡ. ಕಾನೂನಿನ ಪ್ರಕಾರ ಈಗಲೂ ಗಂಡನೇ.

'ಇಲ್ಲಿಗೂ ಬಂದ್ರಾ! ನನ್ನಿಂದ ಬಿಡಿಸಿಕೊಳ್ಳೋಕೆ ಎಷ್ಟು ಅವಸರ!' ಅವಳ ಮೈಯೆಲ್ಲ ಉರಿದುಹೋಯಿತು.

ಅವನು ಅರ್ಧ ಎದ್ದ. ಅವಳು ಮುಖ ತಿರುಗಿಸಿ ಮುಂದಿನ ಸಾಲಿಗೆ ಹೋದಳು. ಎಲ್ಲರೂ ನೋಡುವಷ್ಟು ಸದ್ದು ಮಾಡಿ ಕುರ್ಚಿ ಎಳೆದು ಕೂತಳು.

ಗ್ರಂಥಾಲಯದ ಮಹಡಿಯ ಆ ಕೋಣೆಯಲ್ಲಿ ಶನಿವಾರ ಬೆಳಿಗ್ಗೆ ವಿಚ್ಛೇದನದ ಬಗ್ಗೆ ಯಾರು ಏನು ಬೇಕಾದರೂ ಕೇಳಬಹುದಿತ್ತು. ವಕೀಲೆ ಶುಲ್ಕ ತೆಗೆದುಕೊಳ್ಳುತ್ತಿರಲಿಲ್ಲ, ಹೆಸರನ್ನೂ ಕೇಳುತ್ತಿರಲಿಲ್ಲ. ಆದರೂ ಜನಕ್ಕೆ ನಾಚಿಕೆ ಬಿಡಬೇಕಲ್ಲ! ಎದ್ದವರೆಲ್ಲ 'ನನ್ನ ಸ್ನೇಹಿತರೊಬ್ಬರಿಗೆ...' ಎಂದೇ ಶುರು ಮಾಡುತ್ತಿದ್ದರು. ಊರಿನ ಸ್ನೇಹಿತರ ಸಂಸಾರಗಳೆಲ್ಲ ಒಟ್ಟಿಗೇ ಹಳಸಿಹೋಗಿದ್ದವು ಅನ್ನಬೇಕು.

"ನನ್ನ ಸ್ನೇಹಿತನ ಮಗು ಯಾರ ಹತ್ರ ಇರುತ್ತೆ ಮೇಡಂ?" ಒಬ್ಬ ಕೇಳಿದ.

"ಮಗುವಿಗೆ ಯಾವುದು ಒಳ್ಳೇದು ಅಂತ ಕೋರ್ಟು ನೋಡುತ್ತೆ. ಅಪ್ಪ ಅಮ್ಮನ ಹಟ ನೋಡಲ್ಲ," ಅಂದರು ವಕೀಲೆ.

ಅವಳ ಸರದಿ ಬಂತು. ಎದ್ದು ನಿಂತಳು.

"ನನ್ನ ಗೆಳತಿ ಕನ್ನಡಕದ ಅಂಗಡೀಲಿ ಕೆಲಸ ಮಾಡ್ತಾಳೆ. ಹೊಸ ಅಂಗಡಿ ನೀನೇ ನೋಡ್ಕೋ ಅಂತ ಮಾಲೀಕರು ಹೇಳಿದ್ರು. ಗಂಡನ ಅಕ್ಕ ಬೇಡ ಅಂದ್ರು. ಗಂಡನೋ... ಬಾಯಿಗೆ ಬೀಗ! ಸಿಟ್ಟು ಬಂದು ಅಂಗಡಿ ಮೇಲಿನ ರೂಮಿಗೆ ಹೋದ್ಲು. ವಾರದಲ್ಲೇ ಆ ಅಕ್ಕ ಬಂದು, ನನ್ನ ತಮ್ಮನಿಗೆ ವಿಚ್ಛೇದನ ಬೇಕಂತೆ ಅಂದ್ರು. ಅವಳು ಒಪ್ಪಲೇಬೇಕಾ ಮೇಡಂ?"

"ಬೇಕಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನ ಅಂದ್ರೆ ಇಬ್ಬರೂ ಒಪ್ಪಬೇಕು. ಆತ ಒಬ್ಬರೇ ಕೇಳೋದಾದ್ರೆ ಕಾರಣ ಕೊಟ್ಟು ಸಾಬೀತು ಮಾಡ್ಬೇಕು. ಅದಿರಲಿ, ಆತ ಬಾಯಿಬಿಟ್ಟು ಕೇಳಿದ್ದಾರಾ?"

"ಅವರು ಬಾಯಿ ಬಿಡೋದು ಆಕಳಿಕೆ ಬಂದಾಗ ಮಾತ್ರ!"

ಕೋಣೆಯಲ್ಲಿ ನಗು ಹರಡಿತು. ಹಿಂದಿನಿಂದ ಗೊಗ್ಗರು ದನಿಯೊಂದು ಬಂತು.

"ನನ್ನ ಸ್ನೇಹಿತನದೂ ಒಂದು ಪ್ರಶ್ನೆ ಇದೆ. ಹೆಂಡತಿ ಮನೆ ಬಿಟ್ಟು ಹೋದ್ಲು. ಅವಳಿಗೆ ವಿಚ್ಛೇದನ ಬೇಕಂತೆ, ನಿನ್ನ ಮುಖ ನೋಡೋಕೂ ಇಷ್ಟ ಇಲ್ವಂತೆ ಅಂತ ಅಕ್ಕ ಬಂದು ಹೇಳಿದ್ಲು. ಅವನು... ಅವನು ಒಪ್ಪದೇ ಇರಬಹುದಾ?"

ಅವಳು ಗಿರ್ರನೆ ತಿರುಗಿದಳು. 'ಏನು! ನಾನ್ಯಾವಾಗ ಹೇಳಿದೆ?'

"ಸುಳ್ಳು! ನನ್ನ ಗೆಳತಿ ಹಾಗೆ ಹೇಳೇ ಇಲ್ಲ!"

"ನನ್ನ ಸ್ನೇಹಿತನೂ ವಿಚ್ಛೇದನ ಕೇಳಿಲ್ಲ!"

"ಅಕ್ಕ ಹೇಳಿದ ತಕ್ಷಣ ನಂಬಿದ್ನಲ್ಲ ನಿಮ್ಮ ಸ್ನೇಹಿತ! ಹೆಂಡತಿ ಅಂಗಡಿ ಎಲ್ಲಿದೆ ಅಂತ ಗೊತ್ತಿರಲಿಲ್ವಾ?"

"ಎದುರುಗಡೆ ರಸ್ತೆವರೆಗೂ ಬರ್ತಿದ್ದ. ಒಳಗೆ ಬರೋಕೆ ಧೈರ್ಯ ಸಾಲಲಿಲ್ಲ."

"ಐದನೇ ಮಹಡೀಲಿ ನೇತಾಡೋಕೆ ಧೈರ್ಯ ಇದೆ, ಹೆಂಡತಿ ಎದುರು ನಿಲ್ಲೋಕೆ ಇಲ್ವಾ?"

"ಲಿಫ್ಟು ತಿರುಗಿ ಬೈಯಲ್ವಲ್ಲ!"

"ಹೋಗ್ಲಿ ಬಿಡಮ್ಮಾ," ಎಂದು ಪಕ್ಕದಲ್ಲಿದ್ದ ಮುದುಕರೊಬ್ಬರು ಕೈಯೆತ್ತಿದರು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ."

"ಮೂರು ತಿಂಗಳಿಂದ ಒಬ್ಬಳೇ ಉಂಡು ಮಲಗ್ತಿದ್ದೀನಿ ತಾತಾ!"

ಎಲ್ಲರೂ ಅವಳತ್ತ ತಿರುಗಿದರು. ಗೆಳತಿ ಎಲ್ಲಿ ಹೋದಳು? ಅವಳು ತುಟಿ ಕಚ್ಚಿಕೊಂಡಳು. ಆಡಿದ ಮಾತು ಆಗಿಹೋಗಿತ್ತು.

ಅವನು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದು ಅವಳೆದುರು ನಿಂತ.

"ನಂಗೂ ಸ್ನೇಹಿತ ಅಂತ ಯಾರೂ ಇಲ್ಲ ಮೇಡಂ. ನಾನೇ." ನಂತರ ಅವಳ ಕಡೆ ತಿರುಗಿದ. "ಅಕ್ಕ ಮಾಡಿದ್ದು ತಪ್ಪು. ನಿನ್ನನ್ನ ಒಂದು ಮಾತೂ ಕೇಳದೆ ನಂಬಿದ್ದು ಅದಕ್ಕಿಂತ ದೊಡ್ಡ ತಪ್ಪು. ಹೊಸ ಅಂಗಡಿ ವಿಷಯ ಕೇಳಿ ನಂಗೆಷ್ಟು ಹೆಮ್ಮೆ ಆಯ್ತು ಗೊತ್ತಾ? ಅದನ್ನೂ ಹೇಳಲಿಲ್ಲ... ನೀನಿಲ್ಲದೆ ನಂಗೆ ಆಗ್ತಿಲ್ಲ ಕಣೇ."

ಅವಳ ಕಣ್ಣು ತುಂಬಿ ಬಂತು. ಅದಕ್ಕೂ ಸಿಟ್ಟೇ ಬಂತು. 'ಇಷ್ಟು ಮಾತು ಒಳಗಿಟ್ಕೊಂಡು ಮೂರು ತಿಂಗಳು ಸಾಯಿಸಿದ್ರಲ್ಲ!'

"ಮಿಕ್ಕ ಪ್ರಶ್ನೆ ಹೊರಗಡೆ ಕೇಳ್ಕೊಳ್ಳಿ," ವಕೀಲೆ ನಗು ತಡೆದುಕೊಂಡು ಹೇಳಿದರು. "ಬೇರೆಯವರ ಸ್ನೇಹಿತರು ಕಾಯ್ತಿದ್ದಾರೆ."

ಮೆಟ್ಟಿಲ ಹತ್ತಿರ ಬಂದು ಅವನು ಮೆಲ್ಲಗೆ ಕೇಳಿದ, "ಮನೆಗೆ ಬರ್ತೀಯಾ?"

"ಬರಲ್ಲ."

ಅವನ ಮುಖ ಬಾಡಿತು.

"ಆ ರೂಮು ಈಗ ನನ್ನ ಮನೆ. ಬೇಕಿದ್ರೆ ನೀವು ಬನ್ನಿ. ಆದ್ರೆ ಅತ್ತಿಗೆಗೆ ನೀವೇ ಹೇಳ್ಬೇಕು. ಈಗ್ಲೇ!"

ಅವನು ಫೋನು ತೆಗೆದ.

"ಅಕ್ಕಾ... ನಾನು ನನ್ನ ಹೆಂಡತಿ ಜೊತೆ ಇರ್ತೀನಿ. ಇಲ್ಲ, ಇವತ್ತು ನೀನು ಕೇಳು. ನಮ್ಮಿಬ್ಬರ ಮಧ್ಯೆ ಇನ್ನು ನೀನು ಮಾತು ತರಬೇಡ. ನಮ್ಮ ವಿಷಯ ನಾವೇ ಮಾತಾಡ್ಕೋತೀವಿ."

ಅಕ್ಕನ ಮಾತನ್ನು ಅವನು ತಡೆದದ್ದನ್ನು ಅವಳು ಕೇಳಿದ್ದು ಇದೇ ಮೊದಲು. ಈ ಮನುಷ್ಯನ ಮೇಲೆ ತನಗೆ ಪ್ರಾಣವೇ ಇದೆ ಎಂದು ಅವಳಿಗೆ ಆಗ ಗೊತ್ತಾಯಿತು. ಗೊತ್ತಾಗಿ ಇನ್ನಷ್ಟು ಅಳು ಬಂತು.

"ಕೋಪ ಹೋಯ್ತಾ?"

"ಇಲ್ಲ!" ಕಣ್ಣೊರೆಸಿಕೊಂಡಳು.

"ಎಷ್ಟು ದಿನ ಇರುತ್ತೆ?"

"ನೀವು ಜೊತೇಲಿರೋ ತನಕ."

"ಹಾಗಾದ್ರೆ..." ಅವನು ಅವಳ ಕೈ ಹಿಡಿದುಕೊಂಡ. "ಮುದುಕಿ ಆದ್ಮೇಲೂ ಬೈತಾ ಇರು."

"ಬೈತೀನಿ," ಎಂದಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.