ಖಾಲಿಯಾದ ದೊಣೆ

ಪುರಿ ಎರಚಿದರೂ ಒಂದೇ ಒಂದು ಮೀನು ಮೇಲೆ ಬರಲಿಲ್ಲ.

ಘಾಟಿ ಬೆಟ್ಟಸಾಲಿನ ಆ ದೊಣೆಯಲ್ಲಿ, ಬಂಡೆಗಳ ನಡುವಿನ ಹೊಂಡದಲ್ಲಿ, ಬೇಸಿಗೆಯಲ್ಲೂ ನೀರು ಕೊರೆಯುತ್ತಿತ್ತು. ಬೆರಳುದ್ದದ ಪಕ್ಕೆ ಮೀನುಗಳು ನೂರಾರು ಇದ್ದವು. ದೇವರ ಮೀನೆಂದು ಯಾರೂ ಮುಟ್ಟುತ್ತಿರಲಿಲ್ಲ. ತಿಂಗಳುಗಟ್ಟಲೆ ಕಡಿಮೆಯಾಗುತ್ತ ಬಂದು, ೧೯೪೪ರ ಜನವರಿಯಲ್ಲಿ ಪೂರಾ ಮಾಯವಾದವು.

ದೊಣೆ ನೋಡಿಕೊಳ್ಳುತ್ತಿದ್ದ ಅಪ್ಪಯ್ಯಣ್ಣ, ಮೆಟ್ಟಿಲ ಮೇಲೆ ಪುರಿ ಮಾರುವ ವಿಧವೆ ಮುತ್ತಮ್ಮನತ್ತ ಬೆರಳು ತೋರಿಸಿದ. ಅವಳ ಗುಡಿಸಲ ಸೂರಿನಲ್ಲಿ ಬಲೆ ಸಿಕ್ಕಿತ್ತು. ಊರು ಅವಳಿಗೆ ಬಾವಿ ನೀರು ನಿಲ್ಲಿಸಿತು. ಅಪ್ಪಯ್ಯಣ್ಣನ ಮಾತಿಗೆ ಎದುರಾಡುವವರಿರಲಿಲ್ಲ. ನೀಲಗಿರಿಯಲ್ಲಿ ಕೆಲಸಕ್ಕಿದ್ದ ಒಬ್ಬನೇ ಮಗನನ್ನು ಜ್ವರಕ್ಕೆ ಕಳೆದುಕೊಂಡು ಆತನಿಗೆ ಆರು ತಿಂಗಳಾಗಿತ್ತಷ್ಟೆ.

ಊರ ಹಿರಿಯರು ಪೊಲೀಸು ಕೆಲಸದಿಂದ ನಿವೃತ್ತನಾಗಿದ್ದ ಗೋಪಾಲಪ್ಪನನ್ನು ಕರೆಸಿದರು.

“ಬಲೆ ಯಾರದಮ್ಮ?”

“ನಮ್ಮೆಜಮಾನ್ರದು. ಅವ್ರು ಹೋಗಿ ಆರು ವರ್ಷ ಆಯ್ತು,” ಎಂದಳು ಮುತ್ತಮ್ಮ. “ಬಿಸಾಕಕ್ಕೆ ಮನಸ್ ಬರ್ಲಿಲ್ಲ.”

ಗೋಪಾಲಪ್ಪ ಬಲೆಯ ಕಣ್ಣಿಗೆ ಎರಡು ಬೆರಳು ತೂರಿಸಿದ. ಸಲೀಸಾಗಿ ಹೋದವು. ಪಕ್ಕೆ ಮೀನು ಇದರಲ್ಲಿ ನಿಲ್ಲುತ್ತದೆಯೇ? ದೊಣೆಯ ದಂಡೆಗೆ ಬಂದು ಕುಕ್ಕರಿಸಿದ.

“ಅಪ್ಪಯ್ಯಣ್ಣ, ಇಲ್ಲಿ ಕಪ್ಪೆ ಇರ್ಲಿಲ್ವಾ?”

“ಇದ್ವು. ಕಿವಿ ಕಿತ್ತೋಗೋ ಹಂಗೆ ಕೂಗ್ತಿದ್ವು.”

“ಈಗ?”

ಗೋಪಾಲಪ್ಪ ಬಗ್ಗಿ ಕೈಯಿಂದ ನೀರು ಸರಿಸಿ ನೋಡಿದ.

“ಒಂದು ಗೊದಮೊಟ್ಟೇನೂ ಕಾಣ್ತಿಲ್ಲ. ಮೀನು ಕದಿಯೋರು ಕಪ್ಪೆಮರಿ ಯಾಕಪ್ಪಾ ಕದೀತಾರೆ?”

ಗಾಳಕ್ಕೆ ಮಿಡತೆ ಚುಚ್ಚಿ ಬಂಡೆಯ ಸಂದಿಗೆ ಇಳಿಬಿಟ್ಟ. ದಾರ ಜಗ್ಗಿತು — ಗೇಣುದ್ದದ ಮೀನು! ಮೈತುಂಬ ಕಪ್ಪು ಚುಕ್ಕೆ, ಪಕ್ಕದಲ್ಲಿ ಕೆಂಪು ಪಟ್ಟೆ. ಹೊಟ್ಟೆ ಸೀಳಿದಾಗ ಅರೆ ಜೀರ್ಣವಾದ ಗೊದಮೊಟ್ಟೆಗಳು, ಕೊನೆಯದಾಗಿ ಉಳಿದಿದ್ದ ಒಂದು ಪಕ್ಕೆ.

“ಇದು ಟ್ರೌಟ್,” ಎಂದ ಗೋಪಾಲಪ್ಪ. “ನೀಲಗಿರಿ ಕಡೆ ನೋಡಿದ್ದೆ. ಬಿಳಿ ದೊರೆಗಳು ಗಾಳದ ಮೋಜಿಗೆ ಹಡಗಲ್ಲಿ ತಂದು ನೀಲಗಿರಿ ಹೊಳೆಗಳಿಗೆ ಬಿಟ್ಟಿದ್ದು. ತಣ್ಣೀರಲ್ಲೇ ಬದುಕುತ್ತೆ, ಸಿಕ್ಕಿದ್ದೆಲ್ಲ ನುಂಗುತ್ತೆ. ನಮ್ಮ ಪಕ್ಕೆಗೆ ಇದನ್ನ ಕಂಡ್ರೆ ಓಡ್ಬೇಕು ಅಂತಾನೂ ಗೊತ್ತಿಲ್ಲ. ನೀಲಗಿರಿಯಿಂದ ಇದು ತಾನಾಗೇ ಬರಲ್ಲ. ನಿಮ್ಮ ಮಗ ಅಲ್ಲಿ ಏನು ಕೆಲಸ ಮಾಡ್ತಿದ್ದ, ಅಪ್ಪಯ್ಯಣ್ಣ?”

ಅಪ್ಪಯ್ಯಣ್ಣ ಸೀಳಿದ ಮೀನನ್ನು ಕೈಗೆತ್ತಿಕೊಂಡ.

“ಮೀನ್ಮರಿ ಸಾಕೋ ಕೆಲಸ. ಅವನ ಸಾಮಾನು ತರಕ್ಕೆ ಹೋದಾಗ ಎಂಟು ಮರಿ ಕೊಟ್ರು, ಐಸ್ ಹಾಕಿದ ಡಬ್ಬೀಲಿ. ಅವನ ಕೈಲಿ ಬೆಳೆದಿದ್ದು ಸ್ವಾಮಿ... ಸಾಯಕ್ಕೆ ಬಿಡಕ್ಕಾಗ್ತಿತ್ತಾ? ಯಾರಿಗೂ ಹೇಳ್ದೆ ಇಲ್ಲಿ ಬಿಟ್ಬಿಟ್ಟೆ. ಇವೇ ತಿಂತಾವೆ ಅಂತ ದೇವರಾಣೆ ಗೊತ್ತಿರ್ಲಿಲ್ಲ.”

“ಗೊತ್ತಿರ್ಲಿಲ್ಲ, ನಂಬ್ತೀನಿ. ಆದ್ರೆ ದೊಣೆ ಖಾಲಿ ಮಾಡಿದ್ದು ನೀವೇ.”

ಉಳಿದ ಏಳನ್ನೂ ಅಪ್ಪಯ್ಯಣ್ಣ ತಾನೇ ಹಿಡಿದ. ಬೇರೆಯವರನ್ನು ನೀರಿಗಿಳಿಯಲು ಬಿಡಲಿಲ್ಲ. ನಾಲ್ಕು ದಿನ ಬೇಕಾಯಿತು. ಕೊನೆಯದನ್ನು ಎರಡೂ ಕೈಯಲ್ಲಿ ಹಿಡಿದು, ಅದು ಒದ್ದಾಡುವುದು ನಿಲ್ಲುವವರೆಗೂ ಅಳುತ್ತಿದ್ದ.

ಆಮೇಲೆ ಮುತ್ತಮ್ಮನ ಗುಡಿಸಲಿಗೆ ಹೋದ. ಅವಳು ಹೊಸಕೋಟೆಯ ತಂಗಿಯ ಮನೆಗೆ ಹೊರಟು ಗಂಟು ಕಟ್ಟುತ್ತಿದ್ದಳು.

“ತಪ್ಪಾಯ್ತು ತಾಯಿ. ಹೋಗ್ಬೇಡ.”

ಮುತ್ತಮ್ಮ ಗಂಟನ್ನು ಬಿಗಿದಳು.

“ನಿನ್ ಮಗನ್ನ ನಾನೂ ಎತ್ತಾಡ್ಸಿದ್ದೆ ಕಣಣ್ಣ. ಅವ್ನು ಹೋದಾಗ ನಿನ್ನ ಬಾಗ್ಲಲ್ಲೇ ಕೂತು ಅತ್ತಿದ್ದೆ. ನೀನು ಊರಿಗೆ ಹೇಳೋಕ್ ಮುಂಚೆ, ನನ್ನ ಒಂದ್ ಮಾತು ಕೇಳ್ಬೋದಿತ್ತು.”

ಗಂಟನ್ನು ತಲೆಯ ಮೇಲಿಟ್ಟುಕೊಂಡು ಅವಳು ಬೆಟ್ಟ ಇಳಿದಳು.